ಕೆಂಪು ನಂಬರು

ಇಲ್ಲಿ ಒಂದು ಪೈಪು ಕೊಯ್ಯಬೇಕಾದರೂ ಪರ್ಮಿಟ್ ಬೇಕು. ಅದರೊಳಗೆ ಏನು ಹರಿಯುತ್ತದೆ, ಎಲ್ಲೆಲ್ಲಿ ವಾಲ್ವು ಮುಚ್ಚಿದೆ, ಎಲ್ಲಿ ಬ್ಲೈಂಡ್ ಹಾಕಿ ಪೈಪಿನ ದಾರಿ ಕಟ್ಟಿದೆ, ಸುತ್ತಲಿನ ಗಾಳಿಯಲ್ಲಿ ಗ್ಯಾಸು ಎಷ್ಟಿದೆ ಎಂದು ಅಳೆದು, ಬರೆದು, ಸಹಿ ಮಾಡಿಸಬೇಕು. ಬೆಂಕಿ ಕಾಯಲಿಕ್ಕೆ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಬೇಕು. ಆಮೇಲೆಯೇ ಗ್ರೈಂಡರು ಕೈಗೆ ಬರುತ್ತದೆ. ಊಟಕ್ಕೆ ಹೋಗಿ ಬಂದರೆ ಗ್ಯಾಸು ಮತ್ತೆ ಅಳೆಯಬೇಕು. ಸಂಜೆಯಾಯಿತೋ, ಆ ಪರ್ಮಿಟ್ ಅಲ್ಲಿಗೆ ಸತ್ತಿತು, ನಾಳೆಗೆ ಹೊಸದು. ಕುವೈತಿನ ಮೀನಾ ಅಲ್ ಅಹ್ಮದಿ ಎಂಬ ಈ ಎಣ್ಣೆ ಶುದ್ಧೀಕರಣದ ಊರಿನಲ್ಲಿ ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ತುಕ್ಕು ಹಿಡಿದ ಮೊಳಕೈಯಷ್ಟು ಉದ್ದದ ಪೈಪಿಗೂ ಇಷ್ಟು ಕಾಗದ. ಆರಂಭದಲ್ಲಿ ಬೇಸರ ಬರುತ್ತಿತ್ತು, ಈಗಿಲ್ಲ. ಗೊತ್ತಿಲ್ಲದ್ದನ್ನು ಕೊಯ್ಯಬಾರದು ಎಂಬುದು ಮೈಗೆ ಹತ್ತಿಹೋಗಿದೆ.

ಹೋದ ಶುಕ್ರವಾರ ರಜೆ. ಫಹಾಹೀಲಿನ ರೂಮಿನಲ್ಲಿ ಬಟ್ಟೆ ಒಗೆದು ಹಾಕುತ್ತಿದ್ದಾಗ ಯಲ್ಲಾಪುರ ಕಡೆಯಿಂದ ದೊಡ್ಡಪ್ಪನ ಫೋನು. ಯಾವತ್ತೂ ಮೊದಲು ಮಳೆಯ ಸುದ್ದಿ, ಆಮೇಲೆ ಅಡಿಕೆ ದರ ಹೇಳುವವನು ಅವತ್ತು ಎರಡನ್ನೂ ಬಿಟ್ಟು ಹೇಳಿದ:

"ಅಪ್ಪಿ, ಬೆಟ್ಟದ ಮತ್ತಿಮರಕ್ಕೆಲ್ಲ ಕೆಂಪು ನಂಬ್ರ ಬರದಿಕ್ಕೆ ಹೋಯ್ದ."

ಸರ್ವೆಯವರು ಬಂದಿದ್ದರಂತೆ. ಟೇಪು ಹಿಡಿದು ಎದೆಯೆತ್ತರಕ್ಕೆ ಸುತ್ತಳತೆ ತೆಗೆದರಂತೆ. ತೊಗಟೆ ಕೆತ್ತಿ, ಬಿಳಿ ಬಿಟ್ಟ ಜಾಗದಲ್ಲಿ ಬಣ್ಣದಿಂದ ಅಂಕೆ ಬರೆದರಂತೆ. ಮತ್ತಿ, ಹೊನ್ನೆ, ನಂದಿ, ಕಿಂದಳ, ಅಬ್ಬಿಯ ಪಕ್ಕದ ದೊಡ್ಡ ರಾಮಪತ್ರೆ, ಯಾವುದನ್ನೂ ಬಿಡಲಿಲ್ಲವಂತೆ. ರಾಮಪತ್ರೆಯ ನಂಬರು 412. ನನ್ನ ಅಜ್ಜ ಆ ಮರದ ಬುಡದಲ್ಲಿ ಕೂತು ಕವಳ ಹಾಕುತ್ತಿದ್ದ. ನಾನು ಅದರ ಕೆಳಗಿನ ಹಳ್ಳದಲ್ಲಿ ಏಡಿ ಹಿಡಿದಿದ್ದೇನೆ. ಈಗ ಅದು 412.

ಒಂದು ಪೈಪಿಗೆ ಇಷ್ಟು ಪ್ರಶ್ನೆ ಕೇಳುವ ಲೋಕ ನೂರೈವತ್ತು ವರ್ಷದ ಮರಕ್ಕೆ ಕೇಳುವುದು ಎರಡೇ: ಸುತ್ತಳತೆ ಎಷ್ಟು, ಎತ್ತರ ಎಷ್ಟು. ಅಷ್ಟು ಸಿಕ್ಕಿದರೆ ಘನಮೀಟರು ಸಿಗುತ್ತದೆ, ಘನಮೀಟರು ಸಿಕ್ಕಿದರೆ ರೂಪಾಯಿ ಸಿಗುತ್ತದೆ, ಅಲ್ಲಿಗೆ ಕಡತ ಮುಂದಕ್ಕೆ ಹೋಗುತ್ತದೆ. ಅದರೊಳಗೆ ಏನು ಹರಿಯುತ್ತದೆ ಎಂದು ಒಬ್ಬನಾದರೂ ಕೇಳಿದನೇ? ಅದನ್ನು ಕೊಯ್ದರೆ ಕೆಳಗೆ ಯಾವ ವಾಲ್ವು ಶಾಶ್ವತವಾಗಿ ಮುಚ್ಚಿಹೋಗುತ್ತದೆ ಎಂದು? ಸಿಟ್ಟು ತಡೆಯಲಾಗದೆ ಇದನ್ನು ಬರೆಯುತ್ತಿದ್ದೇನೆ. ತಣ್ಣಗೆ ಬರೆಯುವ ವಿಷಯ ಇದಲ್ಲ.

ನಾನು ಬದುಕುತ್ತಿರುವುದು ಕಾಡಿಲ್ಲದ ದೇಶದಲ್ಲಿ. ಇಲ್ಲಿ ವರ್ಷವಿಡೀ ಸುರಿಯುವ ಮಳೆ 110-120 ಮಿಲಿಮೀಟರು. ನಮ್ಮ ಘಟ್ಟದಲ್ಲಿ ಆಷಾಢದ ಒಂದೇ ದಿನಕ್ಕೆ ಅಷ್ಟು ಬೀಳುವುದುಂಟು. ನದಿಯಿಲ್ಲ, ಕೆರೆಯಿಲ್ಲ. ಎಣ್ಣೆಗೆ ಮೊದಲು ಕುವೈತಿನವರು ಷತ್ ಅಲ್ ಅರಬ್ ನದಿಯಿಂದ ಹಡಗಿನಲ್ಲಿ ಕುಡಿಯುವ ನೀರು ತುಂಬಿಸಿಕೊಂಡು ಬರುತ್ತಿದ್ದರು. 1950ರ ದಶಕದ ಆರಂಭದಲ್ಲಿ, ನಾನಿರುವ ಇದೇ ಬಂದರಿನಲ್ಲಿ, ಎಣ್ಣೆ ಕಂಪನಿಯವರು ಸಮುದ್ರದ ನೀರನ್ನು ಕಾಯಿಸಿ ಸಿಹಿ ಮಾಡುವ ಸಣ್ಣ ಘಟಕ ಕಟ್ಟಿದರು. ಇವತ್ತಿಗೂ ಈ ದೇಶ ಹೆಚ್ಚಾಗಿ ಕುಡಿಯುವುದು ಸಮುದ್ರದಿಂದ ತೆಗೆದ ನೀರನ್ನೇ. ನಲ್ಲಿ ತಿರುಗಿಸಿದರೆ ಬರುವ ಪ್ರತಿ ಲೋಟದ ಹಿಂದೆ ಉರಿದ ಎಣ್ಣೆಯಿದೆ, ಉರಿದ ಗ್ಯಾಸಿದೆ. ರಸ್ತೆಬದಿಯ ಖರ್ಜೂರ, ಕೊನೊಕಾರ್ಪಸ್, ಎಲಚಿ ಜಾತಿಯ ಸಿದ್ರ್, ಯಾವ ಗಿಡದ ಬುಡ ನೋಡಿದರೂ ಒಂದು ಕಪ್ಪು ಪೈಪು ಕಾಣುತ್ತದೆ. ಚರಂಡಿ ನೀರನ್ನು ಶುದ್ಧ ಮಾಡಿ ಹನಿಹನಿಯಾಗಿ ಬಿಡುತ್ತಾರೆ. ಆ ಪೈಪು ಒಂದು ವಾರ ಕಟ್ಟಿಕೊಂಡರೆ ಬೇಸಗೆಯಲ್ಲಿ ಗಿಡ ಕಡ್ಡಿಯಾಗುತ್ತದೆ. 2016ರ ಜುಲೈ 21ರಂದು ಇದೇ ದೇಶದ ಮಿತ್ರಿಬಾದಲ್ಲಿ 53.9 ಡಿಗ್ರಿ ಬಿಸಿಲು ದಾಖಲಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಕೂಡದು ಎಂಬ ಕಾನೂನಿದೆ. ಕವರಾಲಿನೊಳಗೆ ಬೆವರು ಬೂಟಿಗಿಳಿಯುವ ಆ ದಿನಗಳಲ್ಲಿ ನನಗೆ ನೆನಪಾಗುವುದು ಬೆಟ್ಟದ ಹಳ್ಳದ ತಣ್ಣನೆ ನೀರು.

ಆ ನೀರನ್ನು ಅಲ್ಲಿ ಯಾರು ಕಾಯಿಸುತ್ತಾರೆ, ಯಾರು ಪಂಪು ಮಾಡುತ್ತಾರೆ? ಯಾರೂ ಇಲ್ಲ. ನಮ್ಮ ಮನೆಗೆ ಮೂರು ತಲೆಮಾರಿನಿಂದ ಅಬ್ಬಿ ನೀರು ಬರುತ್ತಿದೆ. ಮೊದಲು ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ, ಮೇಲಿಂದ ಕೆಳಕ್ಕೆ ತಾನಾಗಿ ಹರಿದು. ಮೇ ತಿಂಗಳಲ್ಲೂ ಬತ್ತುವುದಿಲ್ಲ. ಕಾರಣ ಮೇಲಿರುವ ಕಾನು, ನಮ್ಮ ಕಡೆಯ ದಟ್ಟ ಹಸಿರು ಕಾಡು. ಮಳೆ ಮೊದಲು ಬೀಳುವುದು ಎಲೆಯ ಮೇಲೆ. ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ಇಳಿದು, ಬುಡಕ್ಕೆ ಬರುವ ಹೊತ್ತಿಗೆ ಅದರ ಹೊಡೆತ ಮುಗಿದಿರುತ್ತದೆ. ಕೆಳಗೆ ದರಕಿನ, ಒಣಗಿ ಉದುರಿದ ಎಲೆಯ ಹಾಸು. ಅದರಡಿ ಅಣಬೆಯ ನೂಲು, ಎರೆಹುಳದ ಬಿಲ, ಸತ್ತ ಬೇರು ಬಿಟ್ಟುಹೋದ ಕೊಳವೆ. ನೀರು ಆ ದಾರಿಯಲ್ಲಿ ಇಂಗಿ, ಬಂಡೆಯ ಸಂದಿಯಲ್ಲಿ ತಿಂಗಳುಗಟ್ಟಲೆ ತಂಗಿ, ಬೇಸಗೆಯಲ್ಲಿ ಅಬ್ಬಿಯಾಗಿ ಹೊರಬರುತ್ತದೆ. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ಒದ್ದೆಯಾಗಿರುವ ಆ ಕೆಸರಿನಲ್ಲಿ ಮರಗಳು ಉಸಿರಾಡಲಿಕ್ಕೆಂದೇ ಬೇರನ್ನು ಮೊಣಕಾಲಿನಂತೆ ಮಡಿಸಿ ಮೇಲಕ್ಕೆ ಎತ್ತಿರುತ್ತವೆ. ಲೋಕದಲ್ಲಿ ಬೇರೆಲ್ಲೂ ಗೊತ್ತಿರದ ಗೇರಿನ ಬಳಗದ ಒಂದು ಮರವನ್ನು ವಿಜ್ಞಾನಿಗಳು ಅಲ್ಲಿ ಗುರುತಿಸಿ 2000ದಲ್ಲಿ ಅದಕ್ಕೆ ಆ ಕಾನಿನ ಹೆಸರನ್ನೇ ಇಟ್ಟರು. ಅಂದರೆ 1999ರಲ್ಲಿ ಅಲ್ಲಿ ನಂಬರು ಹೊಡೆದಿದ್ದರೆ, ಹೆಸರೇ ಇಲ್ಲದ ಒಂದು ಮರವನ್ನು ಹೆಸರಿಡುವ ಮೊದಲೇ ಕಡಿದು ಮುಗಿಸಿರುತ್ತಿದ್ದೆವು. ಹೀಗೆ ಎಷ್ಟು ಮುಗಿಸಿದ್ದೇವೋ!

ಕುವೈತಿನಲ್ಲಿ ಒಂದು ಮರವಿದೆ. ಈ ನೆಲದ ಕಾಡು ಜಾಲಿ. ತಾನಾಗಿ ಹುಟ್ಟಿ ಬೆಳೆದ ಆ ಜಾತಿಯ ಮರಗಳಲ್ಲಿ ಇಡೀ ದೇಶದಲ್ಲಿ ಉಳಿದದ್ದು ಅದೊಂದೇ ಎಂದು ಇಲ್ಲಿನ ವಿಜ್ಞಾನಿಗಳು ಬರೆಯುತ್ತಾರೆ. 'ಒಂಟಿ ಮರ' ಎಂದೇ ಅದಕ್ಕೆ ಹೆಸರು. ಅದಿರುವ ತಲ್ಹಾ ಎಂಬ ಜಾಗ ಈಗ ಸಬಾಹ್ ಅಲ್ ಅಹ್ಮದ್ ರಕ್ಷಿತ ಪ್ರದೇಶದ ಬೇಲಿಯೊಳಗಿದೆ. ತಲ್ಹಾ ಎಂದರೆ ಅರಬ್ಬಿಯಲ್ಲಿ ಜಾಲಿಯೇ. ಊರಿನ ಹೆಸರೇ ಜಾಲಿಯಾಗಬೇಕಾದರೆ ಒಂದು ಕಾಲಕ್ಕೆ ಎಷ್ಟಿದ್ದಿರಬೇಕು! ಸೌದೆಗೆ ಕಡಿದರು, ಒಂಟೆ ಕುರಿ ಮೇಯಿಸಿದರು, ಮರುಭೂಮಿಯ ಡೇರೆಗಳ ಮೋಜಿಗೆ ಜೀಪು ಓಡಿಸಿದರು. ಇಲ್ಲಿನ ರಾಷ್ಟ್ರೀಯ ಹೂವು ಅರ್ಫಜ್, ಮೊಣಕಾಲೆತ್ತರದ ಪೊದೆ. ಅದೂ ಬೇಲಿಯ ಒಳಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಪೊದೆ ಹೋದ ನೆಲದಿಂದ ಮರಳು ಎದ್ದು ಬಂದು ನಮ್ಮ ಕಣ್ಣಿಗೆ, ಕಂಪ್ರೆಸರಿನ ಫಿಲ್ಟರಿಗೆ, ಆಸ್ಪತ್ರೆಯಲ್ಲಿ ಉಬ್ಬಸದ ಮಕ್ಕಳ ಎದೆಗೆ ತುಂಬುತ್ತದೆ. ಆ ಒಂಟಿ ಮರದ ಬೀಜ ಹಿಡಿದು, ಅಂಗಾಂಶ ಹಿಡಿದು, ವಂಶವಾಹಿ ಓದಿ ಸಂತತಿ ಬೆಳೆಸಲು ಇಲ್ಲಿನ ಸಂಶೋಧಕರು ವರ್ಷಗಳಿಂದ ಹೆಣಗುತ್ತಿದ್ದಾರೆ. ಹಣಕ್ಕೆ ಬರವಿಲ್ಲದ ದೇಶ ಇದು. ಆದರೂ ಅವರ ಕೈಯಲ್ಲಿರುವುದು ಒಂದು ಮರ. ಕಾಡನ್ನು ಇವರು ಯಾವ ದಿನಾರಿಗೂ ಕೊಂಡು ತರಲಾರರು.

ನೈಜರ್ ದೇಶದ ತೆನೆರೆ ಮರುಭೂಮಿಯಲ್ಲೂ ಇಂಥದೇ ಒಂದು ಜಾಲಿಯಿತ್ತು. ಸುತ್ತ ನೂರಾರು ಕಿಲೋಮೀಟರಿಗೆ ಇನ್ನೊಂದು ಮರವಿರಲಿಲ್ಲ. 1973ರಲ್ಲಿ ಒಬ್ಬ ಲಾರಿ ಡ್ರೈವರು ಅದಕ್ಕೇ ಗುದ್ದಿ ಉರುಳಿಸಿದ. ಅವನು ಕುಡಿದಿದ್ದ ಎನ್ನುತ್ತಾರೆ. ನಮ್ಮಲ್ಲಿ ಕಡಿಯುವವರು ಕುಡಿದಿರುವುದಿಲ್ಲ. ಎಚ್ಚರವಾಗಿ, ಕಚೇರಿಯ ವೇಳೆಯಲ್ಲಿ, ಮುದ್ರೆ ಒತ್ತಿ ಕಡಿಯುತ್ತಾರೆ.

ಸಾಲ್ಮಿಯಾದ ವಿಜ್ಞಾನ ಕೇಂದ್ರದ ಅಂಗಳದಲ್ಲಿ 'ಫತೆಹ್ ಅಲ್ ಖೈರ್' ಎಂಬ ಹಳೆಯ ಹಾಯಿಹಡಗು ನಿಂತಿದೆ. 1938ರಲ್ಲಿ ಕಟ್ಟಿದ್ದು. ಊರಿಂದ ಹೊಸದಾಗಿ ಬಂದವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮರವೇ ಇಲ್ಲದ ದೇಶ ನೂರಾರು ಹಡಗು ಕಟ್ಟಿ ಬಸ್ರಾದ ಖರ್ಜೂರ ತುಂಬಿಕೊಂಡು ಮುಂಬಯಿ, ಮಂಗಳೂರು, ಕಲ್ಲಿಕೋಟೆಗೆ ಬರುತ್ತಿತ್ತು. ಹಲಗೆ ಎಲ್ಲಿಯದು? ನಮ್ಮ ಪಡುವಣ ತೀರದ್ದು. ಸಾಗವಾನಿಗೆ ಅರಬ್ಬಿಯಲ್ಲಿ 'ಸಾಜ್' ಎನ್ನುತ್ತಾರೆ. ಹೆಸರು ಕೂಡ ಮರದ ಜೊತೆಯಲ್ಲೇ ನಮ್ಮ ಕಡೆಯಿಂದ ಹಡಗು ಹತ್ತಿ ಬಂದದ್ದು. ಇಲ್ಲಿನ ಹಳೆಯ ಮನೆಗಳ ಮಾಡಿಗೆ ಹಾಕಿದ 'ಚಂದಲ್' ಎಂಬ ತೊಲೆಗಳು ಪೂರ್ವ ಆಫ್ರಿಕಾದ ರುಫಿಜಿ, ಲಾಮು ಕಡೆಯ ಕಾಂಡ್ಲಾ ಕಾಡಿನವು. ಇದನ್ನು ನಾನು ಕುವೈತಿಗರ ಮೇಲೆ ದೂರಾಗಿ ಹೇಳುತ್ತಿಲ್ಲ. ಕೊಡಲಿಯಿಂದ ಕಡಿದು, ಎತ್ತಿನಿಂದ ಎಳೆದು, ಹೊಳೆಯಲ್ಲಿ ತೇಲಿಸಿ ತಂದ ಆ ಮರಕ್ಕೆ ಒಂದು ಮಿತಿಯಿತ್ತು. ಆ ಹಲಗೆಯ ಮೇಲೆ ಕೈಯಿಟ್ಟರೆ ಎಂಬತ್ತು ವರ್ಷ ದಾಟಿದ ಮೇಲೂ ಗಟ್ಟಿ. ತಂದದ್ದನ್ನು ಇವರು ಕಾಪಾಡಿಕೊಂಡಿದ್ದಾರೆ.

ಮಿತಿ ಮೀರಿದ್ದು ಆಳುವವರು ಕೊಡಲಿ ಹಿಡಿದಾಗ. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರ್ ಮತ್ತು ಕೆನರಾದ ಕಾಡಿಗೆ 'ಸಂರಕ್ಷಕ'ನಾಗಿ ನೇಮಿಸಿತು. ಅವನ ಕೆಲಸ ಮುಂಬಯಿಯ ಹಡಗುಕಟ್ಟೆಗೆ ಸಾಗವಾನಿ ಒದಗಿಸುವುದು. ರೈತನ ಹೊಲದ ಸಾಗವಾನಿಯೂ ಕಂಪನಿಯದೇ ಎಂದ. ಜನ ರೊಚ್ಚಿಗೆದ್ದರು. 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ಕಿತ್ತುಹಾಕಬೇಕಾಯಿತು. ಕಡಿಯುವವನಿಗೆ ಸಂರಕ್ಷಕ ಎಂದು ಹೆಸರಿಡುವ ಚಾಳಿ ಅವತ್ತು ಶುರುವಾದದ್ದು ಇವತ್ತಿಗೂ ಬಿಟ್ಟಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ನಾವೇನು ಮಾಡಿದೆವು? 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. ಅದಕ್ಕೆ ಸರ್ಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಕೊಡುತ್ತಿದ್ದರು. ಬಿದಿರು ಮುಗಿಯುತ್ತ ಬಂದಾಗ ಬೈಗುಳ ತಿಂದದ್ದು ಮೇದಾರರು, ದನ ಮೇಯಿಸುವವರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಂದು ಮೆಳೆಯಿಂದ ಮೆಳೆಗೆ ನಡೆದು ನೋಡಿದರು, ಹಳ್ಳಿಯವರನ್ನು ಕೂರಿಸಿಕೊಂಡು ಕೇಳಿದರು. ಹಳ್ಳಿಯವರು ಹೇಳಿದ್ದು ಇಷ್ಟು: ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಜಿಗ್ಗು ಇರುತ್ತದೆ, ಹೊಸ ಕಳಲೆ ಆ ಮುಳ್ಳಿನ ನಡುವೆ ಏಳುತ್ತದೆ, ದನ, ಮುಸಿಯ, ಮುಳ್ಳುಹಂದಿ ಯಾವುದಕ್ಕೂ ಬಾಯಿ ಹಾಕಲಾಗುವುದಿಲ್ಲ. ಅರಣ್ಯ ಇಲಾಖೆಯವರೂ ಕಾರ್ಖಾನೆಯವರೂ ಮೆಳೆ ಚೊಕ್ಕಟ ಮಾಡುತ್ತೇವೆಂದು ಆ ಮುಳ್ಳನ್ನೇ ಸವರಿ ಎಸೆದಿದ್ದರು. ಚೊಕ್ಕಟವಾದ ಮೆಳೆಯಲ್ಲಿ ಎದ್ದ ಕಳಲೆಯೆಲ್ಲ ಪ್ರಾಣಿಗಳ ಬಾಯಿಗೆ ಹೋಯಿತು. ಗಾಡ್ಗೀಳರು ಪರೀಕ್ಷಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ನನಗೆ ಈ ಕಥೆ ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಓದಿದವರು ಮುಳ್ಳನ್ನು ಕಸವೆಂದರು. ತಲೆತಲಾಂತರದಿಂದ ಬಿದಿರು ಕಡಿದು ಬದುಕಿದವನಿಗೆ ಆ ಮುಳ್ಳೇ ಬಾಗಿಲು ಎಂದು ಗೊತ್ತಿತ್ತು. ಅವನ ಮಾತನ್ನು ಕೇಳಲಿಕ್ಕೆ ಬಿದಿರು ಮುಗಿಯುವ ತನಕ ಕಾಯಬೇಕಾಯಿತು.

ಸಾಗವಾನಿಯದೂ ಅದೇ ಕಥೆ. ನೂರು ಜಾತಿಯ ಮರವಿದ್ದ ಸಹಜ ಕಾಡನ್ನು ನೆಲಸಮ ಮಾಡಿ, ಸುಟ್ಟು, ಸಾಲುಸಾಲಾಗಿ ಸಾಗವಾನಿ ನೆಟ್ಟರು. ಅದಕ್ಕೆ ಅಭಿವೃದ್ಧಿಯೆಂಬ ಹೆಸರು ಕೊಟ್ಟರು. ಸಾಗವಾನಿ ತೋಪಿನ ಕೆಳಗೆ ಬೇಸಗೆಯಲ್ಲಿ ನಡೆದು ನೋಡಿ. ಎಲೆಯೆಲ್ಲ ಉದುರಿ ಬೆಂಕಿಗೆ ಕಾಯುತ್ತಿರುತ್ತದೆ. ಹಣ್ಣಿಲ್ಲ, ಜೇನಿಲ್ಲ, ಸೊಪ್ಪಿಲ್ಲ, ಮಂಗಟ್ಟೆ ಹಕ್ಕಿಗೆ ಗೂಡು ಮಾಡಲು ಒಂದು ಪೊಟರೆಯಿಲ್ಲ. ಆ ಹಕ್ಕಿ ರಾಮಪತ್ರೆಯ ಒಡೆದ ಕಾಯಿಯಿಂದ ಪತ್ರೆ ಸಮೇತ ದೊಡ್ಡ ಬೀಜವನ್ನು ನುಂಗಿ ಮೈಲಿ ದೂರ ಹೋಗಿ ಉಗುಳುತ್ತದೆ. ಹಕ್ಕಿ ಹೋದರೆ ಬೀಜ ಮರದ ಬುಡದಲ್ಲೇ ಕೊಳೆಯುತ್ತದೆ.

ಈ ಕಡಿತವನ್ನು ತಡೆದವರು ಹಳ್ಳಿಯ ಜನ. 1983ರ ಆಗಸ್ಟ್‌ನಲ್ಲಿ, ಹಿಮಾಲಯದ ಮರಗಳಿಗಾಗಿ ಹೋರಾಡಿದ ಸುಂದರಲಾಲ ಬಹುಗುಣ ಶಿರಸಿಗೆ ಬಂದು ಹೋದರು. ಸೆಪ್ಟೆಂಬರ್ 8ರಂದು ಸಾಲ್ಕಣಿಯ ಹೆಂಗಸರು, ಗಂಡಸರು, ಮಕ್ಕಳು ಮಳೆಯಲ್ಲಿ, ಉಂಬಳ ಕಚ್ಚಿಸಿಕೊಳ್ಳುತ್ತ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರಂಥ ಎಳೆಯರು ಜೊತೆಗೆ ನಿಂತರು. ಕಡಿಯಲು ಬಂದ ಗುತ್ತಿಗೆದಾರ ಎಕರೆಗೆ ಎರಡು ಮರ ಮಾತ್ರ ಎಂದಿದ್ದ. ಒಂದು ದೊಡ್ಡ ಮರ ಉರುಳಿದರೆ ಸುತ್ತಲಿನ ಹತ್ತು ಮರ ಮುರಿಯುತ್ತದೆ. ಅದನ್ನು ಎಳೆಯುವ ಲಾರಿದಾರಿಗೆ ಇನ್ನಷ್ಟು ಹೋಗುತ್ತದೆ. ಜನ ಹೋಗಿ ಕುತ್ತಿ ಎಣಿಸಿದರು, ಲೆಕ್ಕ ಕೇಳಿದರು. ಸರ್ಕಾರ ಕಡಿಯುವುದನ್ನು ನಿಲ್ಲಿಸಬೇಕಾಯಿತು. ನಮ್ಮ ದೊಡ್ಡಪ್ಪ ಆಗ ಹದಿನೆಂಟರ ಹುಡುಗ. ಅವನೂ ಒಂದು ಮತ್ತಿಮರ ಅಪ್ಪಿದವನೇ. "ತೊಗಟೆಯ ಗೆರೆ ಸಂಜೆವರೆಗೂ ಎದೆ ಮೇಲಿತ್ತು" ಎಂದು ಈಗಲೂ ಅಂಗಿ ಬಿಚ್ಚಿ ತೋರಿಸುವವನಂತೆ ಹೇಳುತ್ತಾನೆ. ಅಂಥವನ ಬೆಟ್ಟದ ಮರಕ್ಕೆ ನಲವತ್ತು ವರ್ಷ ಕಳೆದ ಮೇಲೆ ಮತ್ತೆ ನಂಬರು ಹೊಡೆದಿದ್ದಾರೆ.

ಆವಾಗ ಪ್ಲೈವುಡ್ಡಿಗೆ ಕಡಿಯುತ್ತಿದ್ದರು. ಈಗ ಕಡಿಯುವುದು ರಸ್ತೆಗೆ, ರೈಲಿಗೆ, ಕರೆಂಟಿಗೆ. ಹುಬ್ಬಳ್ಳಿ-ಅಂಕೋಲಾ ರೈಲಿಗೆ ಕಾಳಿ, ಗಂಗಾವಳಿಯ ಸೀಮೆಯಲ್ಲಿ ಹೋಗುವ ಮರ ಎರಡು ಲಕ್ಷಕ್ಕೂ ಹೆಚ್ಚು ಎಂದು ಯೋಜನೆಯವರ ಕಾಗದವೇ ಹೇಳುತ್ತಿತ್ತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ತಲೆಯಾಡಿಸಿತು. ಜನ ಹೈಕೋರ್ಟಿಗೆ ಹೋಗಬೇಕಾಯಿತು. ಶರಾವತಿ ಕಣಿವೆಯಲ್ಲಿ ಸಿಂಗಳೀಕಗಳಿಗೆಂದೇ ಘೋಷಿಸಿದ ಅಭಯಾರಣ್ಯದ ಹೊಟ್ಟೆಯಲ್ಲಿ ಸುರಂಗ ಕೊರೆದು 2000 ಮೆಗಾವಾಟಿನ ಯೋಜನೆ ಮಾಡುತ್ತಾರಂತೆ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ ಮತ್ತೆ ಬಿಡುವ ಯೋಜನೆ ಅದು. ಎತ್ತಲಿಕ್ಕೆ ಬೇಕಾಗುವ ಕರೆಂಟು ಹುಟ್ಟುವ ಕರೆಂಟಿಗಿಂತ ಹೆಚ್ಚು. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ಬದುಕುವ ಪ್ರಾಣಿ. ಮೇಲಿನ ಹಂದರ ಒಂದು ಕಡೆ ಹರಿದರೆ ಅದರ ಲೋಕ ಎರಡು ಹೋಳಾಗುತ್ತದೆ.

ಪ್ರಶ್ನೆ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಒಂದಕ್ಕೆ ಹತ್ತು ನೆಡುತ್ತೇವೆ. ಎಲ್ಲಿ ನೆಡುತ್ತೀರಿ? ಗ್ರೇಟ್ ನಿಕೋಬಾರ್ ದ್ವೀಪದಲ್ಲಿ 130 ಚದರ ಕಿಲೋಮೀಟರ್ ಮಳೆಕಾಡನ್ನು ಬಂದರಿಗೂ ವಿಮಾನ ನಿಲ್ದಾಣಕ್ಕೂ ಬಿಟ್ಟುಕೊಟ್ಟು, ಅದಕ್ಕೆ ಬದಲಿ ಗಿಡವನ್ನು ಹರಿಯಾಣದಲ್ಲಿ ನೆಡುತ್ತೇವೆ ಎಂದರು. ಸಮುದ್ರ ನಡುವಿನ ದ್ವೀಪಕ್ಕೆ ಹರಿಯಾಣದ ಒಣನೆಲ ಬದಲಿ! ನಮ್ಮ ಕಡೆ ಬದಲಿ ಎಂದರೆ ಅಕೇಶಿಯಾ. ಹತ್ತಿಪ್ಪತ್ತು ವರ್ಷಕ್ಕೆ ಕಡಿದು ಮಾರುವ ಬೆಳೆ ಅದು, ರಾಗಿ ಕಬ್ಬಿನ ಹಾಗೆ. ಅದನ್ನೂ ಕಾಡೆಂದೇ ಎಣಿಸುತ್ತಾರೆ. ದೇಶದ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿನಲ್ಲಿ ನೂರಕ್ಕೆ ಹತ್ತು ಪಾಲು ನೆರಳಿದ್ದರೆ ಸಾಕು, ಅದು ತೋಟವಾದರೂ ತೋಪಾದರೂ ಅರಣ್ಯದ ಹೊದಿಕೆ. ಆ ಲೆಕ್ಕ ಇಲ್ಲಿಗೆ ತಂದರೆ, ಎಣ್ಣೆ ಕಂಪನಿ ಕಟ್ಟಿದ ಅಹ್ಮದಿ ಪಟ್ಟಣದ ಸಾಲುಮರದ ಬೀದಿಗಳೂ ಪೈಪಿನ ನೀರು ಕುಡಿಯುತ್ತ ಕಾಡಾಗಿಬಿಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ಬಳಗ ಉಪಗ್ರಹದ ಚಿತ್ರ ಇಟ್ಟುಕೊಂಡು ನಿಜವನ್ನು ತೆಗೆದು ತೋರಿಸಿದ್ದಾರೆ. ಉತ್ತರ ಕನ್ನಡದಲ್ಲಿ 1973ರಲ್ಲಿ ನೂರಕ್ಕೆ 67ರಷ್ಟಿದ್ದ ನಿತ್ಯಹರಿದ್ವರ್ಣ, ಅರೆಹರಿದ್ವರ್ಣ ಕಾಡು 2013ರ ಹೊತ್ತಿಗೆ 32ಕ್ಕೆ ಇಳಿದಿತ್ತು. ನಲವತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾನು ಹೋಯಿತು. ಆದರೆ ಮೇಲಿಂದ ನೋಡಿದರೆ ಜಿಲ್ಲೆ ಈಗಲೂ ಹಸಿರು. ಆ ಹಸಿರು ತೋರಿಸಿಯೇ ನಮ್ಮ ಬಾಯಿ ಮುಚ್ಚಿಸುತ್ತಾರೆ.

ಕಾಡು ಬೆಳೆಸುವುದು ಏನೆಂದು ತೋರಿಸಿದವರು ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು. ಹಾಲಕ್ಕಿ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿದರು. ಯಾವ ತಾಯಿಮರದ ಬೀಜ ಯಾವ ವಾರ ಆಯಬೇಕು, ಯಾವುದನ್ನು ನೆನೆಸಬೇಕು, ಯಾವುದಕ್ಕೆ ನೆರಳು ಬೇಕು ಎಂಬುದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದಾಗ ಇಡೀ ದೇಶ ಚಪ್ಪಾಳೆ ತಟ್ಟಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಅವರ ಫೋಟೋಕ್ಕೆ ಹಾರ ಹಾಕಿದ ಕೈಗಳೇ ಅವರ ತಾಯಿಮರಗಳಿರುವ ಸೀಮೆಯ ಕಡತಕ್ಕೆ ಸಹಿ ಹಾಕುತ್ತವಲ್ಲ, ನಾಚಿಕೆಯಾಗಬೇಡವೇ?

ನಾನಿರುವ ಊರು ಹಾಳಾಗುವುದೆಂದರೇನು ಎಂಬುದನ್ನು ಕಂಡ ಊರು. 1991ರ ಜನವರಿಯಲ್ಲಿ ಇದೇ ಮೀನಾ ಅಲ್ ಅಹ್ಮದಿಯ ಕಡಲ ನಡುವಿನ ಎಣ್ಣೆಕಟ್ಟೆಯಿಂದ, ಕುವೈತನ್ನು ಆಕ್ರಮಿಸಿದ್ದ ಇರಾಕಿ ಸೇನೆ ಎಣ್ಣೆಯನ್ನು ಸಮುದ್ರಕ್ಕೆ ಬಿಟ್ಟಿತು. ಹರಿವನ್ನು ನಿಲ್ಲಿಸಲು ದಡದ ಪೈಪುಗಳ ಮೇಲೆ ಬಾಂಬು ಹಾಕಬೇಕಾಯಿತು. ಹಿಂದಿನ ಬುರ್ಗಾನ್ ಬಯಲೂ ಸೇರಿ ಆರುನೂರಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿಯಿಟ್ಟರು. ಕೊನೆಯದು ಆರಿದ್ದು ಆ ವರ್ಷದ ನವೆಂಬರ್ 6ರಂದು. ನಡುಹಗಲಲ್ಲಿ ದೀಪ ಹಚ್ಚಿಕೊಂಡು ಓಡಾಡಿದೆವು ಎಂದು ಹಳಬರು ಹೇಳುತ್ತಾರೆ. ಮರಳಿನಲ್ಲಿ ಎಣ್ಣೆಯ ಕೆರೆಗಳೇ ನಿಂತವು. ಮಸಿ, ಎಣ್ಣೆ, ಮರಳು ಕಲೆತು ನೆಲ ಡಾಂಬರಿನಂತೆ ಗಟ್ಟಿಯಾಯಿತು. ಅದನ್ನು ಅಗೆದು ತೊಳೆಯುವ ಕೆಲಸ ಇವತ್ತಿಗೂ ಇದೆ. ಆದರೆ ಆ ಪಾಪಕ್ಕೆ ಲೋಕ ಲೆಕ್ಕ ಕೇಳಿತು. ವಿಶ್ವಸಂಸ್ಥೆ ಪರಿಹಾರದ ಆಯೋಗ ಮಾಡಿತು. ಸುಟ್ಟ ಎಣ್ಣೆಗೆ ಮಾತ್ರವಲ್ಲ, ಸತ್ತ ಪೊದೆಗೆ, ಕೆಟ್ಟ ಮರಳಿಗೆ, ಹಾಳಾದ ಕಡಲ ದಂಡೆಗೆ ಕೂಡ ಬೆಲೆ ಕಟ್ಟಿಸಿತು. ಇರಾಕಿನಿಂದ ಒಟ್ಟು 5,240 ಕೋಟಿ ಡಾಲರ್ ವಸೂಲಿ ಮಾಡಿ, ಕೊನೆಯ ಕಂತು ಮುಟ್ಟಿಸಿದ್ದು 2022ರ ಜನವರಿಯಲ್ಲಿ. ಮೂವತ್ತು ವರ್ಷ ಬಿಡದೆ ವಸೂಲಿ ಮಾಡಿತು.

ನಮ್ಮ ಕಾನಿಗೆ ಆ ಆಯೋಗ ಯಾವುದು? ಯುದ್ಧದಲ್ಲಿ ಶತ್ರು ಸುಟ್ಟರೆ ಅಪರಾಧ. ಶಾಂತಿಯ ಕಾಲದಲ್ಲಿ ನಮ್ಮವರೇ ಟೆಂಡರು ಕರೆದು ಕಡಿದರೆ ಅದಕ್ಕೆ ಅಡಿಗಲ್ಲು, ರಿಬ್ಬನು, ಭಾಷಣ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಮೊಕದ್ದಮೆಯಲ್ಲಿ ಕಾಡು ಯಾರ ಹೆಸರಿನಲ್ಲಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡೇ ಎಂದಿತು. 2023ರಲ್ಲಿ ಪಾರ್ಲಿಮೆಂಟು ಕಾನೂನು ತಿದ್ದಿ ಆ ಅರ್ಥವನ್ನೇ ಕಿರಿದು ಮಾಡಿತು. 2024ರ ಫೆಬ್ರುವರಿಯಲ್ಲಿ ಕೋರ್ಟು ಮತ್ತೆ ಹಳೆಯ ಅರ್ಥವನ್ನೇ ಹಿಡಿಯಿರಿ ಎಂದು ಮಧ್ಯಂತರ ಆದೇಶ ಕೊಡಬೇಕಾಯಿತು. ಕಾಡು ಎಂಬ ಪದದ ಅರ್ಥಕ್ಕೆ ಕೋರ್ಟಿನಲ್ಲಿ ಹೊಡೆದಾಡಬೇಕಾದ ನಾಡು ನಮ್ಮದು.

ಬೇರು ಹೋದ ಗುಡ್ಡ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2021ರ ಜುಲೈನಲ್ಲಿ ಯಲ್ಲಾಪುರ ಕಡೆಯ ಕಳಚೆಯಲ್ಲಿ ಗುಡ್ಡ ಜಾರಿತು. ಆ ರಾತ್ರಿಯ ಫೋನು ನಾನು ಮರೆತಿಲ್ಲ. "ಅಪ್ಪಿ, ತೋಟ ಹೋತು. ಮಣ್ಣೇ ನಡ್ಕಂಡು ಬಂತು" ಎಂದು ಆ ಸೀಮೆಯ ನಮ್ಮ ನೆಂಟರೊಬ್ಬರು ಅತ್ತದ್ದು ಕಿವಿಯಲ್ಲಿದೆ. ಅಡಿಕೆ ಮರಗಳು ನಿಂತ ಹಾಗೆಯೇ ಕೆಳಕ್ಕೆ ಸಾಗಿದವಂತೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದಾಗಿ ಕತ್ತರಿಸಿದ್ದ ಗುಡ್ಡ ಕುಸಿದು, ಚಾ ಅಂಗಡಿಯ ಸಂಸಾರವನ್ನು, ನಿಂತ ಲಾರಿಗಳನ್ನು ಗಂಗಾವಳಿಗೆ ನೂಕಿತು. ಒಬ್ಬ ಡ್ರೈವರಿನ ದೇಹ ಹೊಳೆಯ ತಳದ ಲಾರಿಯಲ್ಲಿ ಸಿಕ್ಕಿದ್ದು ಎಪ್ಪತ್ತು ದಿನ ಕಳೆದ ಮೇಲೆ. ಮಳೆ ವಿಪರೀತವಿತ್ತು, ನಿಜ. ಹಿಂದೆಯೂ ವಿಪರೀತ ಮಳೆ ಬಂದಿದೆ. ಗುಡ್ಡದ ಕಾಲನ್ನು ಕತ್ತರಿಸಿ, ತಲೆಯ ಮೇಲಿನ ಬೇರನ್ನು ಕಿತ್ತು, ಆಮೇಲೆ ಮಳೆಯ ಮೇಲೆ ಗೂಬೆ ಕೂರಿಸಬೇಡಿ. ಇಲ್ಲಿ ಒಂದು ಪೈಪಿನ ಆಸರೆ ತೆಗೆಯುವ ಮೊದಲು ಆ ಭಾರ ಎಲ್ಲಿ ಕೂರುತ್ತದೆ ಎಂದು ಎಂಜಿನಿಯರು ಲೆಕ್ಕ ಹಾಕಿ ಸಹಿ ಮಾಡುತ್ತಾನೆ. ಗುಡ್ಡಕ್ಕೆ ಆ ಲೆಕ್ಕ ಹಾಕುವವರಿರಲಿಲ್ಲವೇ?

ನಮ್ಮ ಬಗ್ಗೆಯೂ ಹೇಳಬೇಕು. ಕೊಲ್ಲಿಯಲ್ಲಿ ದುಡಿಯುವ ನಾವು ಊರಿಗೆ ಕಳಿಸಿದ ದುಡ್ಡು ಎಲ್ಲಿಗೆ ಹೋಯಿತು? ಗುಡ್ಡ ಬಗೆದು ಕಟ್ಟಿದ ಮನೆಗೆ, ಸಾಗವಾನಿಯ ಮುಂಬಾಗಿಲಿಗೆ, ಬೀಟೆಯ ಸೋಫಾಕ್ಕೆ. ಇಲ್ಲಿ ವಾರದ ರಜೆಗೆ ಮಾಂಸ ಸುಡುವ ಇದ್ದಿಲು ಸೋಮಾಲಿಯಾದ ಜಾಲಿಯದೇ ಎಂದು ನಾವು ಕೇಳಲಿಲ್ಲ. ಆ ಇದ್ದಿಲಿನ ಸಾಗಣೆಯನ್ನು ವಿಶ್ವಸಂಸ್ಥೆ 2012ರಲ್ಲೇ ನಿಷೇಧಿಸಿದ ಮೇಲೂ ಕೊಲ್ಲಿಯ ಪೇಟೆಗಳಿಗೆ ಅದು ಬರುತ್ತಲೇ ಇತ್ತು. ನಾನೂ ಮನೆ ಕಟ್ಟಿದವನು. ನನ್ನ ಮನೆಯ ಬಾಗಿಲು ಸಾಗವಾನಿಯದೇ. ಅದು ಯಾವ ಬೆಟ್ಟದಿಂದ ಬಂತು ಎಂದು ಬಡಗಿಯನ್ನು ಕೇಳಲಿಲ್ಲ. ಈ ಸಿಟ್ಟಿನಲ್ಲಿ ಅದರ ಪಾಲೂ ಇದೆ.

ದೊಡ್ಡಪ್ಪ ಮತ್ತೆ ಫೋನು ಮಾಡಿದ್ದ. ಮುಂದಿನ ತಿಂಗಳು ಗ್ರಾಮಸಭೆಯಂತೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಗ್ರಾಮಸಭೆಗೆ ತನ್ನ ಕಾಡನ್ನು ಕಾಯುವ ಅಧಿಕಾರವಿದೆ. ಅದನ್ನು ಬದಿಗೆ ಸರಿಸಲು ಮೇಲಿಂದ ಒಂದಾದ ಮೇಲೊಂದು ಸುತ್ತೋಲೆ, ನಿಯಮ ಬಂದಿವೆ. ಆದರೂ ಕಾಯಿದೆ ಸತ್ತಿಲ್ಲ. "ಎಂತ ಕೇಳವು, ನೀನೇ ಬರ್ದು ಕಳ್ಸು" ಎಂದ. ಬರೆದು ಕಳಿಸುವುದಿಲ್ಲ, ನಾನೇ ಬರುತ್ತೇನೆ ಎಂದೆ. ರಜೆಯ ಅರ್ಜಿ ಕೊಟ್ಟಿದ್ದೇನೆ. ಪರ್ಮಿಟ್ಟಿನ ಖಾಲಿ ಹಾಳೆಯ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ. 412ನೇ ನಂಬರಿನ ಮರದೊಳಗೆ ಏನು ಹರಿಯುತ್ತದೆ? ಅದರ ಕೆಳಗೆ ಎಷ್ಟು ಮನೆಯ ನೀರಿದೆ? ಅದು ಹಿಡಿದಿರುವ ಮಣ್ಣಿನ ಭಾರ ಎಷ್ಟು, ಅದು ಹೋದ ಮೇಲೆ ಆ ಭಾರ ಯಾರ ಮೇಲೆ ಕೂರುತ್ತದೆ? ಅಳೆದವರು ಯಾರು? ಸಹಿ ಯಾರದು? ಅನಾಹುತವಾದರೆ ಪಕ್ಕದಲ್ಲಿ ನಿಲ್ಲುವವರು ಯಾರು? ಒಂದೊಂದು ನಂಬರಿಗೂ ಒಂದೊಂದು ಹಾಳೆ. ಕೆಂಪು ನಂಬರು ಎಷ್ಟಿವೆಯೋ ಅಷ್ಟೂ ಹಾಳೆ ತುಂಬಿಸಿ, ಒಂದೊಂದಕ್ಕೂ ಸಹಿ ಹಾಕಿ ಕೊಡಿ ಎಂದು ಸಭೆಯಲ್ಲಿ ಕೇಳುತ್ತೇವೆ. ಹಾಳೆ ಖಾಲಿ ಇರುವ ತನಕ ಬೆಟ್ಟದ ದಾರಿಗೆ ಅಡ್ಡ ಕೂರಲಿಕ್ಕೆ ದೊಡ್ಡಪ್ಪ ಆಗಲೇ ಕಂಬಳಿ ತೆಗೆದಿಟ್ಟಿದ್ದಾನಂತೆ.